ಎಳೆ ಎಣಿಸುವ ಕಲೆ

ಹಾವೇರಿ ತಾಲ್ಲೂಕಿನ ಗುತ್ತಲವು ಇತಿಹಾಸಪ್ರಸಿದ್ಧವಾದ ಊರು. ಕಲ್ಯಾಣದ ಚಾಲುಕ್ಯರಿಗೂ ಮುಂದೆ ಸೇವುಣರಿಗೂ ಮಾಂಡಲಿಕರಾಗಿ ಈ ಸೀಮೆಯನ್ನು ಆಳಿದ ಗುತ್ತ ಮನೆತನದ ನೆನಪು ಊರಿನ ಹೆಸರಿನಲ್ಲಿಯೇ ಉಳಿದಿದೆ. ಆ ಕಾಲದ ಶಿಲ್ಪವೈಭವವನ್ನು ಸಾರುವ ಮುಕ್ತೇಶ್ವರ ದೇವಾಲಯವು ತುಂಗಭದ್ರೆಯ ದಡದ ಚೌಡಯ್ಯದಾನಪುರದಲ್ಲಿ ಇಂದಿಗೂ ನಿಂತಿದೆ. ಅಂತಸ್ತಿನ ಮೇಲೆ ಅಂತಸ್ತನ್ನು ಕಿರಿದುಗೊಳಿಸುತ್ತ ಮೇಲೇರುವ ಆ ಶಿಖರವನ್ನು ಕಂಡವರಿಗೆ ಈ ನಾಡಿನ ಹೆಂಗಸರ ಕೈಯಲ್ಲಿ ಅರಳುತ್ತ ಬಂದ ಇನ್ನೊಂದು ಗೋಪುರ ನೆನಪಾಗದಿರದು. ಅದು ಕಲ್ಲಿನದಲ್ಲ, ನೂಲಿನದು. ಉಳಿ ಸುತ್ತಿಗೆಗಳಿಂದ ಕಡೆದದ್ದಲ್ಲ, ಸೂಜಿಯ ಮೊನೆಯಿಂದ ಎಬ್ಬಿಸಿದ್ದು. ಇಳಕಲ್ಲ ಸೀರೆಯ ಸೆರಗಿನ ಮೇಲೆ, ಖಣದ ಕುಪ್ಪಸದ ತೋಳಿನ ಮೇಲೆ, ಕೂಸಿನ ಕುಂಚಿಗೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ಗೋಪುರವು ಧಾರವಾಡ ಸೀಮೆಯ ಕಸೂತಿಯ ಹೆಗ್ಗುರುತು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೆ ಗುತ್ತಲ, ರಾಣೆಬೆನ್ನೂರು, ಬ್ಯಾಡಗಿಗಳೆಲ್ಲವೂ ಧಾರವಾಡ ಜಿಲ್ಲೆಗೇ ಸೇರಿದ್ದವು. ಆದುದರಿಂದ ಕಸೂತಿ ಈ ಊರುಗಳಿಗೆ ಹೊರಗಿನದಲ್ಲ.

ಅಂತಹ ಊರಿನ ಒಂದು ಮನೆಯ ಪಡಸಾಲೆಯನ್ನು ಕಲ್ಪಿಸಿಕೊಳ್ಳಬಹುದು. ಸಂಜೆಯ ಹೊತ್ತು. ಅಜ್ಜಿ ಬಾಗಿಲ ಬೆಳಕಿಗೆ ಕುಳಿತು ಹಳೆಯ ಕುಪ್ಪಸದ ಕಸೂತಿಯನ್ನು ಸರಿಪಡಿಸುತ್ತಿದ್ದಾಳೆ. ಮೊಮ್ಮಗ ಕಂಬಕ್ಕೊರಗಿ ಮೊಬೈಲಿನಲ್ಲಿ ಹಳೆಯ ಕಾಲದ ಆಟವೊಂದನ್ನು ಆಡುತ್ತಿದ್ದಾನೆ. ಪರದೆಯ ಮೇಲೆ ಚಿಕ್ಕ ಚಿಕ್ಕ ಚೌಕಗಳಿಂದಾದ ಬೊಂಬೆಯೊಂದು ಕುಪ್ಪಳಿಸುತ್ತದೆ. "ಅದೇನೋ ತಮ್ಮಾ, ಒಂದ ಸವನೆ ಅದರಾಗ ಮುಖಾ ಹಾಕ್ಕೊಂಡು ಕುಂತಿ?" ಎಂದು ಅಜ್ಜಿ ಕೇಳುತ್ತಾಳೆ. ಹುಡುಗ ಮೊಬೈಲನ್ನು ಅವಳ ಕಣ್ಣಿನ ಹತ್ತಿರ ಹಿಡಿಯುತ್ತಾನೆ. ಅವಳು ಅದನ್ನು ದಿಟ್ಟಿಸಿ ನೋಡಿ, "ಇದೂ ನಮ್ಮ ಮೆಂತೆ ಲೆಕ್ಕಾನ ಐತಲ್ಲೋ! ಮನಿ ಎಣಿಸಿಕೊಂಡ ಹಾಕ್ಯಾರ" ಎನ್ನುತ್ತಾಳೆ.

ಅಜ್ಜಿಯ ಈ ಮಾತು ಕೇವಲ ಅಚ್ಚರಿಯ ಮಾತಲ್ಲ. ಅದರಲ್ಲಿ ಒಂದು ಸತ್ಯವಿದೆ. ಹಳೆಯ ವಿಡಿಯೋ ಆಟಗಳ ಬೊಂಬೆಗಳನ್ನು ಸೂಜಿ ನೂಲುಗಳಿಂದ ಬಟ್ಟೆಯ ಮೇಲೆ ಮೂಡಿಸುವ ಹವ್ಯಾಸ ಈಗ ಪ್ರಪಂಚದ ಹಲವು ದೇಶಗಳಲ್ಲಿ ಹರಡಿದೆ. ಕೆಲವರು ಇದನ್ನು ಮಕ್ಕಳಾಟವೆಂದು ತಳ್ಳಿಹಾಕುತ್ತಾರೆ. ಪರಂಪರೆಯ ಕಲೆಗೆ ಇದರಿಂದ ಕುಂದು ಬರುವುದೆಂದು ಮತ್ತೆ ಕೆಲವರು ಹೆದರುತ್ತಾರೆ. ಈ ಎರಡು ಮಾತುಗಳೂ ಪೂರ್ತಿ ಸರಿಯಲ್ಲ. ಎಳೆಯನ್ನು ಎಣಿಸಿ ಚಿತ್ರ ಬಿಡಿಸುವ ವಿದ್ಯೆ ಯಾವ ಕಾಲದ ಚಿತ್ರವನ್ನಾದರೂ ತನ್ನೊಳಗೆ ಬರಮಾಡಿಕೊಳ್ಳಬಲ್ಲದು. ಆ ವಿದ್ಯೆ ಉಳಿಯಬೇಕಾದರೆ ಹೊಸ ತಲೆಮಾರಿನ ಕಣ್ಣಿಗೆ ಪ್ರಿಯವಾದ ಚಿತ್ರಗಳಿಗೂ ಅದರಲ್ಲಿ ಎಡೆ ಸಿಗಬೇಕು. ಈ ಅಭಿಪ್ರಾಯಕ್ಕೆ ಆಧಾರವೇನೆಂಬುದನ್ನು ಪರಿಶೀಲಿಸುವುದು ಉಚಿತ.

ಮೊದಲು ಕಸೂತಿಯ ರೀತಿಯನ್ನು ನೋಡಬೇಕು. 'ಕೈ' ಮತ್ತು 'ಸೂತಿ' ಎಂಬ ಮಾತುಗಳು ಕೂಡಿ 'ಕಸೂತಿ' ಆಯಿತೆಂದು ಹೇಳುವುದುಂಟು. ಇದರಲ್ಲಿ ಬಟ್ಟೆಯ ಮೇಲೆ ಮುಂಚೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸಿ, ಇಷ್ಟು ಎಳೆಗೊಂದು ಹೊಲಿಗೆಯೆಂದು ಗೊತ್ತುಮಾಡಿಕೊಂಡು ಸೂಜಿ ನಡೆಯುತ್ತದೆ. ಹೊಲಿಗೆಗಳು ನಾಲ್ಕು ಬಗೆ: ಗಾವಂತಿ, ಮುರಗಿ, ನೇಯ್ಗೆ, ಮೆಂತೆ. ಗಾವಂತಿಯಲ್ಲಿ ಸೂಜಿ ಒಂದು ಮನೆ ಹೊಲಿದು ಒಂದು ಮನೆ ಬಿಟ್ಟು ಮುಂದೆ ಸಾಗುತ್ತದೆ. ಹಿಂತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಅದೇ ನಡೆ ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗಿದರೆ ಮುರಗಿ. ನೇಯ್ಗೆಯ ಹೊಲಿಗೆಯು ಮಗ್ಗದಲ್ಲಿಯೇ ನೇಯ್ದಂತೆ ತೋರುತ್ತದೆ. ಮೆಂತೆಯು ಒಂದರ ಮೇಲೊಂದು ಓರೆಯಾಗಿ ಹಾಯುವ ಎರಡು ಎಳೆಗಳ ಹೊಲಿಗೆ; ಇದನ್ನೇ ಇಂಗ್ಲಿಷ್ ಬಲ್ಲವರು ಕ್ರಾಸ್‌ಸ್ಟಿಚ್ ಎನ್ನುತ್ತಾರೆ. ಮೆಂತೆಕಾಳುಗಳನ್ನು ಸಾಲಾಗಿ ಹರಡಿದಂತೆ ಕಾಣುವುದರಿಂದ ಅದಕ್ಕೆ ಆ ಹೆಸರು.

ಈ ಕಲೆಯ ಕಟ್ಟುನಿಟ್ಟು ಅಸಾಧಾರಣವಾದುದು. ನೂಲಿಗೆ ಗಂಟು ಹಾಕುವಂತಿಲ್ಲ. ಗಾವಂತಿ, ಮುರಗಿಗಳಲ್ಲಿ ಬಟ್ಟೆಯ ಮುಂಭಾಗ ಹೇಗೋ ಹಿಂಭಾಗವೂ ಹಾಗೆಯೇ ಇರಬೇಕು. ಹೋಗುವ ದಾರಿಯಲ್ಲಿ ಒಂದೇ ಒಂದು ಎಳೆಯ ಲೆಕ್ಕ ತಪ್ಪಿದರೂ ಬರುವ ದಾರಿಯಲ್ಲಿ ಸೂಜಿ ತನ್ನ ಸ್ಥಾನವನ್ನು ಮುಟ್ಟಲಾರದು. ಆಗ ಬಿಚ್ಚಿ ಮತ್ತೆ ಹೊಲಿಯುವುದೊಂದೇ ಗತಿ. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು ಇಂತಹ ಲೆಕ್ಕವನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು ತೇರು, ಆನೆ, ನವಿಲು, ಗಿಳಿ, ಕಮಲ, ತುಳಸಿಕಟ್ಟೆ, ತೊಟ್ಟಿಲುಗಳನ್ನು ಹೊಲಿದರು. ಕಾಗದವಿಲ್ಲದೆ, ಪೆನ್ಸಿಲ್ ಇಲ್ಲದೆ ನಡೆದ ಈ ರೇಖಾಗಣಿತವನ್ನು ಕೇವಲ ಕೈಕೆಲಸವೆಂದು ಕರೆದು ಸುಮ್ಮನಾಗುವುದು ನ್ಯಾಯವಲ್ಲ.

ಇನ್ನು ವಿಡಿಯೋ ಆಟದ ಬೊಂಬೆಯ ರೀತಿಯನ್ನು ನೋಡಬೇಕು. ಗಣಕಯಂತ್ರದ ಪರದೆಯೆಂಬುದು ಅಸಂಖ್ಯ ಚಿಕ್ಕ ಬಿಂದುಗಳ ಜಾಲ. ಒಂದೊಂದು ಬಿಂದುವಿಗೂ ಪಿಕ್ಸೆಲ್ ಎಂದು ಹೆಸರು. ಯಾವ ಬಿಂದು ಯಾವ ಬಣ್ಣದಿಂದ ಬೆಳಗಬೇಕೆಂಬುದನ್ನು ಯಂತ್ರವು ಅಂಕಿಗಳ ರೂಪದಲ್ಲಿ ನೆನಪಿಡುತ್ತದೆ. ಇಂದಿನ ಪರದೆಗಳಲ್ಲಿ ಬಿಂದುಗಳು ಕಣ್ಣಿಗೆ ಬೇರೆ ಬೇರೆಯಾಗಿ ಕಾಣದಷ್ಟು ಸೂಕ್ಷ್ಮ. ಆದರೆ 1970 ಮತ್ತು 1980ರ ದಶಕಗಳ ಯಂತ್ರಗಳಿಗೆ ನೆನಪಿನ ಶಕ್ತಿ ಬಹಳ ಕಡಿಮೆಯಿತ್ತು. ಆದುದರಿಂದ ಆಟದ ಬೊಂಬೆಗಳನ್ನು ಕೆಲವೇ ಚೌಕಗಳಲ್ಲಿ, ಕೆಲವೇ ಬಣ್ಣಗಳಲ್ಲಿ ಮುಗಿಸಬೇಕಾಗುತ್ತಿತ್ತು. ಪರದೆಯ ಮೇಲೆ ಅತ್ತಿತ್ತ ಚಲಿಸುವ ಇಂತಹ ಬೊಂಬೆಗೆ ಸ್ಪ್ರೈಟ್ ಎಂದು ಹೆಸರಾಯಿತು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ರೂಪಿಸಿದ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟದಲ್ಲಿ ಏಡಿಯ ಆಕಾರದ ಒಂದು ಶತ್ರುಜೀವಿಯಿದೆ. ಅದರ ಅಗಲ 11 ಚೌಕ, ಎತ್ತರ 8 ಚೌಕ. ಅಂದರೆ ಅದರ ಇಡೀ ಜಗತ್ತು 88 ಚೌಕಗಳು. ನಟ್ಟನಡುವಿನ ಸಾಲಿನಿಂದ ಎಡಕ್ಕೆ ಹೇಗೋ ಬಲಕ್ಕೂ ಹಾಗೆಯೇ ಚೌಕಗಳು ಹೊಂದಿಕೊಂಡಿವೆ. ಕಸೂತಿಯ ಗೋಪುರಕ್ಕೂ ಇದೇ ನಿಯಮವಲ್ಲವೆ?

ಕೊರತೆಯೇ ಕಲ್ಪನೆಗೆ ಕಾರಣವಾದ ಇನ್ನೊಂದು ನಿದರ್ಶನವೂ ಇದೆ. ಜಪಾನಿನ ಶಿಗೆರು ಮಿಯಮೊಟೊ ಅವರು 1981ರಲ್ಲಿ ರೂಪಿಸಿದ 'ಡಾಂಕಿ ಕಾಂಗ್' ಎಂಬ ಆಟದಲ್ಲಿ ಒಬ್ಬ ಕುಳ್ಳ ಬಡಗಿ ಕಾಣಿಸಿಕೊಂಡ. ಅವನೇ ಮುಂದೆ ಮಾರಿಯೋ ಎಂಬ ಹೆಸರಿನಿಂದ ಲೋಕಪ್ರಸಿದ್ಧನಾದ. ಅವನ ತಲೆಗೆ ಟೊಪ್ಪಿಗೆಯೇಕೆ, ಮೂಗಿನ ಕೆಳಗೆ ದಪ್ಪ ಮೀಸೆಯೇಕೆ ಎಂಬುದಕ್ಕೆ ಕಾರಣವು ಚೌಕಗಳ ಕೊರತೆ. ಅಷ್ಟು ಕಡಿಮೆ ಚೌಕಗಳಲ್ಲಿ ಕೂದಲನ್ನು ತೋರಿಸುವುದು ಕಷ್ಟ, ಅದಕ್ಕೆ ಟೊಪ್ಪಿಗೆ. ಬಾಯಿಯನ್ನು ಬಿಡಿಸುವುದು ಕಷ್ಟ, ಅದಕ್ಕೆ ಮೀಸೆ. ಎಳೆಯ ಲೆಕ್ಕಕ್ಕೆ ಒಗ್ಗದ ಆನೆಯ ಬಾಗಿದ ಬೆನ್ನನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ ಕಸೂತಿಯ ಹೆಣ್ಣುಮಗಳೂ ಇದೇ ಉಪಾಯವನ್ನು ಕಂಡುಕೊಂಡಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಅರಿಯರು; ಆದರೆ ಚೌಕದ ಕಟ್ಟಿಗೆ ಒಳಗಾದ ಇಬ್ಬರ ಬುದ್ಧಿಯೂ ಒಂದೇ ದಾರಿ ಹಿಡಿಯಿತು.

ಸೂಜಿಗೂ ಗಣಕಯಂತ್ರಕ್ಕೂ ನಂಟು ಕೇವಲ ಹೋಲಿಕೆಯ ಮಾತಲ್ಲ. ಚರಿತ್ರೆಯೂ ಅದಕ್ಕೆ ಸಾಕ್ಷಿಯಾಗಿದೆ. 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಚೌಕಳಿ ಕಾಗದದ ಮೇಲೆ ಬಣ್ಣ ತುಂಬಿದ ಹೊಲಿಗೆಯ ನಕಾಶೆಗಳು ಅಚ್ಚಾಗತೊಡಗಿದವು. ಒಂದು ಚೌಕಕ್ಕೆ ಒಂದು ಹೊಲಿಗೆಯೆಂಬ ಲೆಕ್ಕದಲ್ಲಿ ಯುರೋಪಿನ ಮನೆಮನೆಗಳಲ್ಲಿ ಅವುಗಳನ್ನು ನೋಡಿ ಹೊಲಿದರು. ಅದೇ ಕಾಲಕ್ಕೆ, 1804ರ ಸುಮಾರಿಗೆ, ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ಎಂಬವನು ರಟ್ಟುಗಳಲ್ಲಿ ತೂತು ಹೊಡೆದು, ತೂತಿದ್ದರೆ ಈ ಎಳೆ ಏಳಬೇಕು, ಇಲ್ಲದಿದ್ದರೆ ಏಳಬಾರದು ಎಂದು ಮಗ್ಗಕ್ಕೆ ಆಜ್ಞೆ ಕೊಡುವ ವಿಧಾನವನ್ನು ಸಾಧಿಸಿದ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತಾನು ಯೋಜಿಸಿದ ಲೆಕ್ಕದ ಯಂತ್ರಕ್ಕೆ ಅಂತಹ ರಟ್ಟುಗಳನ್ನೇ ಬಳಸಬೇಕೆಂದು ಬಗೆದ. ಗಣಕಯಂತ್ರದ ವಂಶಾವಳಿಯಲ್ಲಿ ನೇಕಾರನ ಮಗ್ಗಕ್ಕೂ ಒಂದು ಸ್ಥಾನವಿದೆ ಎಂಬುದನ್ನು ಇದರಿಂದ ತಿಳಿಯಬಹುದು.

ಇನ್ನೂ ಸಮೀಪದ ಕಾಲದ ಉದಾಹರಣೆ ಅಮೆರಿಕದ ಸೂಸನ್ ಕೇರ್ ಅವರದು. 1984ರಲ್ಲಿ ಬಿಡುಗಡೆಯಾದ ಮ್ಯಾಕಿಂತೋಷ್ ಗಣಕಯಂತ್ರದ ಪರದೆಯ ಮೇಲಿನ ಚಿಕ್ಕ ಚಿತ್ರಗಳನ್ನು ಅವರು ರೂಪಿಸಿದರು. ಮೊದಲಿಗೆ ಅವರು ಕೈಗೆತ್ತಿಕೊಂಡದ್ದು ಗಣಿತದ ಚೌಕಳಿ ಹಾಳೆ. 32 ಚೌಕ ಅಗಲ, 32 ಚೌಕ ಎತ್ತರದ ಅಂಗಳದಲ್ಲಿ, ಅಂದರೆ 1024 ಚೌಕಗಳಲ್ಲಿ, ಕೆಲವನ್ನು ಕಪ್ಪಾಗಿಸಿ ಕೆಲವನ್ನು ಬಿಳಿಯಾಗಿ ಬಿಟ್ಟು ಅವರು ಚಿತ್ರ ಬಿಡಿಸಿದರು. ಈ ಕೆಲಸ ಅವರಿಗೆ ಹೊಸದೆನಿಸಲಿಲ್ಲ. ಏಕೆಂದರೆ ಸೂಜಿಯ ಕಸೂತಿಯನ್ನೂ ಬಣ್ಣದ ಹರಳುಗಳನ್ನು ಜೋಡಿಸುವ ಕಲೆಯನ್ನೂ ಅವರು ಮೊದಲೇ ಬಲ್ಲವರಾಗಿದ್ದರು. ಇಂದು ಕೋಟ್ಯಂತರ ಜನ ಬೆರಳಿನಿಂದ ಒತ್ತುವ ಪುಟ್ಟ ಚಿತ್ರಗಳ ಮೂಲದಲ್ಲಿ ಎಳೆ ಎಣಿಸಿದ ಅನುಭವವೂ ಸೇರಿದೆ ಎಂಬುದು ಸೂಜಿ ಹಿಡಿದ ಎಲ್ಲರೂ ಹೆಮ್ಮೆಪಡಬೇಕಾದ ಸಂಗತಿ.

ಹೀಗಿರುವಾಗ ಪರದೆಯ ಬೊಂಬೆಯು ಮರಳಿ ಬಟ್ಟೆಗೆ ಬರುವುದು ಆಶ್ಚರ್ಯವೇನೂ ಅಲ್ಲ. ಕ್ರಾಸ್‌ಸ್ಟಿಚ್ ಮಾಡುವವರು ಸಾಮಾನ್ಯವಾಗಿ ಬಳಸುವ ಬಟ್ಟೆಗಳಲ್ಲೊಂದರಲ್ಲಿ ಅಂಗುಲಕ್ಕೆ 14 ಚೌಕಗಳಿರುತ್ತವೆ. 16 ಚೌಕ ಅಗಲ, 16 ಚೌಕ ಎತ್ತರದ ಬೊಂಬೆಯೊಂದು ಆ ಬಟ್ಟೆಯಲ್ಲಿ ಅಂಗುಲಕ್ಕಿಂತ ಸ್ವಲ್ಪವೇ ಹೆಚ್ಚು ಜಾಗ ಹಿಡಿಯುತ್ತದೆ. 256 ಚೌಕಗಳನ್ನೂ ತುಂಬಿದರೆ 512 ಸಲ ಎಳೆ ಹಾಯಬೇಕು. ನಿಮಿಷಕ್ಕೆ ನಾಲ್ಕು ಮೆಂತೆಯಂತೆ ಹಾಕಿದರೂ ಒಂದು ಗಂಟೆ ನಾಲ್ಕು ನಿಮಿಷ ಬೇಕು. ಹಾವಿನ ಆಟವನ್ನು ಬಲ್ಲವರು ಹಳ್ಳಿಹಳ್ಳಿಗಳಲ್ಲಿಯೂ ಇದ್ದಾರೆ. 1997ರಲ್ಲಿ ನೋಕಿಯಾ 6110 ಎಂಬ ಮೊಬೈಲಿನೊಡನೆ ಬಂದ ಈ ಆಟದ ಪರದೆಯ ಅಗಲ 84 ಬಿಂದು, ಎತ್ತರ 48 ಬಿಂದು. ಇಡೀ ಪರದೆಯನ್ನು ಹೊಲಿದರೆ ಬಟ್ಟೆಯ ಮೇಲೆ ಅದರ ಅಗಲ ಸರಿಯಾಗಿ ಆರು ಅಂಗುಲವಾಗುತ್ತದೆ, ಚೌಕಗಳು 4032. ಅದೇ ವೇಗದಲ್ಲಿ ಹೊಲಿದರೆ ಸುಮಾರು ಹದಿನೇಳು ಗಂಟೆಗಳ ದುಡಿಮೆ! ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆಯ ಅರ್ಥ ಇಲ್ಲಿ ಬೆರಳಿಗೇ ತಿಳಿಯುತ್ತದೆ.

ಇಲ್ಲಿ ಕೆಲವು ಆಕ್ಷೇಪಗಳು ಏಳುವುದು ಸಹಜ. ಮೊದಲನೆಯದು, ಈ ಬೊಂಬೆಗಳು ಪರದೇಶದವು, ನಮ್ಮ ನೆಲದವಲ್ಲ ಎಂಬುದು. ಆದರೆ ಹೊಲಿಗೆಗೆ ದೇಶದ ಗಡಿಯುಂಟೆ? ಗಾವಂತಿಯನ್ನೇ ಹೋಲುವ ಹೊಲಿಗೆಯನ್ನು ಯುರೋಪಿನವರು 16ನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನನ ಹೆಸರಿನಿಂದ ಕರೆಯುತ್ತಾರೆ. ಅವನು ಬರೆದ ವ್ಯಕ್ತಿಚಿತ್ರಗಳಲ್ಲಿ ಉಡುಪಿನ ಕೊರಳಪಟ್ಟಿ, ಮುಂಗೈಪಟ್ಟಿಗಳ ಮೇಲೆ ಆ ಕೆಲಸ ಕಾಣುವುದೇ ಇದಕ್ಕೆ ಕಾರಣ. ಬ್ಯಾಡಗಿಯ ಹೆಸರನ್ನು ದೂರ ದೂರಕ್ಕೆ ಒಯ್ದ ಮೆಣಸಿನಕಾಯಿಯೂ ಹಿಂದೊಮ್ಮೆ ಅಮೆರಿಕ ಖಂಡದಿಂದ ಕಡಲು ದಾಟಿ ಬಂದ ಬೆಳೆಯೇ. ಈ ನೆಲದ ಮಣ್ಣಿನಲ್ಲಿ, ಈ ರೈತರ ಆರೈಕೆಯಲ್ಲಿ ಅದು ತನ್ನದೇ ಬಣ್ಣ ಪಡೆಯಿತು; 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಬಂದದ್ದು ಎಲ್ಲಿಂದ ಎಂಬುದಕ್ಕಿಂತ ಬಂದ ಮೇಲೆ ಅದನ್ನು ಹೇಗೆ ಬೆಳೆಸಿಕೊಂಡರು ಎಂಬುದೇ ಮುಖ್ಯ.

ಎರಡನೆಯ ಆಕ್ಷೇಪವು ಹಿರಿಯರದು. ಮಕ್ಕಳು ಆಟದ ಗೀಳಿಗೆ ಬಿದ್ದು ಓದನ್ನೂ ನಿದ್ದೆಯನ್ನೂ ಕೆಡಿಸಿಕೊಳ್ಳುತ್ತಿರುವಾಗ ಆ ಬೊಂಬೆಗಳಿಗೆ ಮತ್ತಷ್ಟು ಮಾನ ಕೊಡುವುದೇಕೆ ಎಂದು ಅವರು ಕೇಳುತ್ತಾರೆ. ಈ ಕಳವಳ ನಿಜವಾದದ್ದು. ಆದರೆ ಆಡುವುದಕ್ಕೂ ಹೊಲಿಯುವುದಕ್ಕೂ ಅಜಗಜಾಂತರವಿದೆ. ಆಟವು ಕಣ್ಣನ್ನು ಓಡಿಸುತ್ತದೆ, ಸೂಜಿಯು ಕಣ್ಣನ್ನು ನಿಲ್ಲಿಸುತ್ತದೆ. ಆಟದಲ್ಲಿ ಸೋತವನು ಗುಂಡಿಯೊತ್ತಿ ಮತ್ತೆ ಮೊದಲಿನಿಂದ ತೊಡಗುತ್ತಾನೆ. ಹೊಲಿಗೆಯಲ್ಲಿ ತಪ್ಪಿದವನು ತನ್ನ ತಪ್ಪು ಎಲ್ಲಿ ಆಯಿತೆಂದು ಹುಡುಕಿ, ಅಲ್ಲಿಯವರೆಗೆ ಬಿಚ್ಚಿ, ಅಲ್ಲಿಂದಲೇ ತಿದ್ದಬೇಕು. ಕ್ಷಣಮಾತ್ರದಲ್ಲಿ ಪರದೆಯಿಂದ ಮಾಯವಾಗುವ ಬೊಂಬೆಯೊಂದನ್ನು ಒಂದು ಗಂಟೆ ಕುಳಿತು ಎಳೆ ಎಳೆಯಾಗಿ ಕಟ್ಟಿದ ಹುಡುಗನಿಗೆ ಅದನ್ನು ರೂಪಿಸಿದವರ ಶ್ರಮವೂ ಅರ್ಥವಾಗುತ್ತದೆ. ಆಟಕ್ಕೆ ಆಳಾಗಿದ್ದವನು ಅದರ ಕಟ್ಟಡವನ್ನು ಬಲ್ಲವನಾಗುತ್ತಾನೆ. ಗೀಳನ್ನು ಬೈಗುಳದಿಂದ ಬಿಡಿಸುವುದಕ್ಕಿಂತ ಅರಿವಿನ ಕಡೆಗೆ ತಿರುಗಿಸುವುದು ಮೇಲಲ್ಲವೆ?

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಬಲವಾದುದು. ತೇರು, ತೊಟ್ಟಿಲು, ತುಳಸಿಕಟ್ಟೆಗಳು ಬರಿಯ ಚಿತ್ರಗಳಲ್ಲ. ಅವು ಈ ನಾಡಿನ ಬದುಕಿನ ನೆನಪುಗಳು. ಅವುಗಳ ಜಾಗದಲ್ಲಿ ಆಟದ ಬೊಂಬೆಗಳು ಬಂದು ಕುಳಿತರೆ ಆ ನೆನಪು ಅಳಿದುಹೋಗದೆ? ಮದುಮಗಳ ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಕಸೂತಿಯೊಡನೆ ಹರಕೆ ಹಾರೈಕೆಗಳೂ ಸೇರಿರುತ್ತಿದ್ದವು. ಅಂಗಡಿಯಲ್ಲಿ ಆಡುವ ಬೊಂಬೆಗೆ ಆ ಅರ್ಥ ಎಲ್ಲಿಂದ ಬರಬೇಕು? ಈ ಮಾತನ್ನು ಒಪ್ಪಲೇಬೇಕು. ಹಳೆಯ ಚಿತ್ರವೊಂದನ್ನು ಹೊಲಿಯಬಲ್ಲ ಕೊನೆಯ ಕೈ ನಿಂತುಹೋದ ದಿನ ಆ ಚಿತ್ರದ ಲೆಕ್ಕವೂ ಹೋಗುತ್ತದೆ. ಅದನ್ನು ಬರೆದಿಟ್ಟ ಪುಸ್ತಕ ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ. ಆದರೆ ಈ ಹಾನಿಗೆ ಕಾರಣ ಆಟದ ಬೊಂಬೆಯಲ್ಲ. ಸೂಜಿ ಹಿಡಿಯುವ ಕೈಗಳೇ ಕಡಿಮೆಯಾಗುತ್ತಿರುವುದು ನಿಜವಾದ ಕಾರಣ. ಕಸೂತಿಯನ್ನು ಕಲಿಯದ ಮಗುವಿಗೆ ಗೋಪುರವೂ ಬೇಡ, ಮಾರಿಯೋನೂ ಬೇಡ. ಮಾರಿಯೋನಿಗಾಗಿ ಮೆಂತೆ ಕಲಿತ ಮಗುವಿನ ಬೆರಳು ನಾಳೆ ಗೋಪುರವನ್ನೂ ಎಬ್ಬಿಸಬಲ್ಲದು. ತೇರೂ ಆನೆಯೂ ಅವುಗಳನ್ನು ಮೊದಲು ಹೊಲಿದವರ ಕಣ್ಣೆದುರಿನ ಲೋಕವೇ ಆಗಿದ್ದವೆಂಬುದನ್ನು ಮರೆಯಬಾರದು. ಅವರು ತಾವು ಕಂಡದ್ದನ್ನು ಹೊಲಿದರು. ಇಂದಿನ ಮಗುವಿಗೂ ಆ ಹಕ್ಕು ಇರಬೇಡವೆ?

ಆಟಕ್ಕೂ ಬಟ್ಟೆಗೂ ಇರುವ ನಂಟು ಈ ದೇಶಕ್ಕೆ ಹೊಸದೂ ಅಲ್ಲ. ಪಗಡೆಯ ಹಾಸು ಬಹುಕಾಲದಿಂದ ಬಟ್ಟೆಯದೇ. ಅಡ್ಡಲಾಗಿಯೂ ಉದ್ದಲಾಗಿಯೂ ಚಾಚಿದ ಅದರ ನಾಲ್ಕು ತೋಳುಗಳಲ್ಲಿ ಒಂದೊಂದಕ್ಕೆ ಮೂರು ಸಾಲು, ಸಾಲಿಗೆ ಎಂಟು ಮನೆ. ಒಟ್ಟು 96 ಮನೆಗಳು. ಆ ಮನೆಗಳನ್ನು ಬಣ್ಣದ ಬಟ್ಟೆಯ ತುಂಡುಗಳಿಂದಲೂ ಕಸೂತಿಯಿಂದಲೂ ಅಂದಗೊಳಿಸಿ, ಆಟ ಮುಗಿದ ಮೇಲೆ ಮಡಿಚಿಡುತ್ತಿದ್ದರು. ಅಂಗಳದ ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯುವ ಚೌಕಾಬಾರದ ಮನೆಗಳೂ ಚುಕ್ಕಿಯಿಟ್ಟು ಎಳೆಯುವ ರಂಗೋಲಿಯೂ ಇದೇ ಎಣಿಕೆಯ ಕುಟುಂಬಕ್ಕೆ ಸೇರಿದವು. ಹಬ್ಬದ ಬೆಳಗಿನಲ್ಲಿ ಹದಿನೈದು ಚುಕ್ಕಿಯ ರಂಗೋಲಿಯನ್ನು ತಪ್ಪಿಲ್ಲದೆ ಮುಗಿಸುವ ಹುಡುಗಿಗೆ ಪಿಕ್ಸೆಲ್ ಎಂದರೇನೆಂದು ಹೆಚ್ಚು ವಿವರಿಸಬೇಕಾದ ಅಗತ್ಯವಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಸೂಜಿಯ ಕೆಲಸ ಹೆಣ್ಣುಮಕ್ಕಳದು, ಯಂತ್ರದ ಕೆಲಸ ಗಂಡುಮಕ್ಕಳದು ಎಂಬ ಭಾವನೆ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಹುಡುಗನು ಸೂಜಿ ಹಿಡಿದರೆ ನಗುವವರಿದ್ದಾರೆ; ಹುಡುಗಿ ಗಣಕಯಂತ್ರದ ಆಟವನ್ನು ರೂಪಿಸುವೆನೆಂದರೆ ಹುಬ್ಬೇರಿಸುವವರಿದ್ದಾರೆ. ಆದರೆ ರಾಣೆಬೆನ್ನೂರು ತಾಲ್ಲೂಕಿನ ತುಮ್ಮಿನಕಟ್ಟಿಯಂತಹ ನೇಕಾರರ ಊರಿನಲ್ಲಿ ಗಂಡಸರೂ ಹೆಂಗಸರೂ ಕೂಡಿಯೇ ನೂಲಿನ ಕೆಲಸ ಮಾಡುತ್ತಾರೆ. ಎಳೆಯನ್ನು ಎಣಿಸುವುದರಲ್ಲಿ ಅಲ್ಲಿ ಯಾರಿಗೂ ನಾಚಿಕೆಯಿಲ್ಲ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದು, ಖಾದಿಯ ಕೆಲಸವನ್ನು ವ್ರತದಂತೆ ಕೈಗೊಂಡು, 1943ರಲ್ಲಿ ಹೊಸರಿತ್ತಿಯಲ್ಲಿ ಪ್ರಾಣವನ್ನೇ ಅರ್ಪಿಸಿದರು. ನೂಲಿನ ಕೆಲಸವು ಪೌರುಷಕ್ಕೆ ಕುಂದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಚೌಕದ ಬೊಂಬೆಯನ್ನು ಹೊಲಿಯುವ ನೆಪದಲ್ಲಿ ಅಣ್ಣ ತಂಗಿಯರಿಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಒಬ್ಬರು ಎಣಿಸಿ ಒಬ್ಬರು ಹೊಲಿದರೆ, ಹಳೆಯ ಭಾವನೆಯೊಂದು ತನ್ನಷ್ಟಕ್ಕೆ ಸಡಿಲವಾಗುತ್ತದೆ.

ಹಾಗೆಂದು ಈ ಹವ್ಯಾಸದಲ್ಲಿ ಎಚ್ಚರ ಬೇಡವೆಂದಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ, ಚೌಕವಿದ್ದ ಮಾತ್ರಕ್ಕೆ ಎಲ್ಲವೂ ಕಸೂತಿಯಲ್ಲ. ಕರ್ನಾಟಕದ ಕಸೂತಿಗೆ 2005–06ರ ಸಾಲಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಎಳೆ ಎಣಿಸಿ, ಗಂಟಿಲ್ಲದೆ, ಕೈಯಿಂದ ಹೊಲಿಯುವ ಪರಂಪರೆಯ ಕೆಲಸಕ್ಕೆ ಆ ಹೆಸರು ಸಲ್ಲಬೇಕು. ಯಂತ್ರದಿಂದ ಹೊಲಿದ ಗೋಪುರವನ್ನಾಗಲಿ, ಬಟ್ಟೆಯ ಮೇಲೆ ಅಚ್ಚೊತ್ತಿದ ನವಿಲನ್ನಾಗಲಿ ಕಸೂತಿಯೆಂದು ಮಾರುವುದು ಕೊಳ್ಳುವವರಿಗೆ ಮೋಸ. ಅದಕ್ಕಿಂತ ಮಿಗಿಲಾಗಿ ದಿನಗಟ್ಟಲೆ ಕಣ್ಣು ಸವೆಸಿ ಹೊಲಿದ ಹೆಣ್ಣುಮಗಳಿಗೆ ಅನ್ಯಾಯ. ಆಟದ ಬೊಂಬೆಯನ್ನು ಹೊಲಿದವರೂ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು. ಆ ಬೊಂಬೆಗಳಿಗೂ ಒಡೆಯರಿದ್ದಾರೆ. ಮನೆಯ ಗೋಡೆಗೆಂದು, ಗೆಳೆಯನ ಹುಟ್ಟುಹಬ್ಬಕ್ಕೆಂದು ಒಂದನ್ನು ಹೊಲಿಯುವುದು ಬೇರೆ. ಒಪ್ಪಿಗೆಯಿಲ್ಲದೆ ನೂರಾರು ಹೊಲಿಸಿ ವ್ಯಾಪಾರಕ್ಕಿಳಿಯುವುದು ಬೇರೆ. ತನ್ನ ಕಸೂತಿಯನ್ನು ಇತರರು ಕದಿಯಬಾರದೆನ್ನುವವನು ಇತರರ ಚಿತ್ರವನ್ನೂ ಗೌರವಿಸಬೇಕು.

ದುಡಿಮೆಯ ಬೆಲೆಯ ಮಾತೂ ಇಲ್ಲಿಯೇ ಬರುತ್ತದೆ. ಅಂಗುಲದಷ್ಟು ಬೊಂಬೆಗೆ ಒಂದು ಗಂಟೆ ಹಿಡಿಯಿತೆಂಬುದನ್ನು ಸ್ವತಃ ಅನುಭವಿಸಿದವನು ಸೀರೆಯ ಸೆರಗಿನ ತುಂಬ ತುಂಬಿದ ಕಸೂತಿಯನ್ನು ಕಂಡಾಗ "ಇಷ್ಟು ಹಣವೇ?" ಎಂದು ಚೌಕಾಶಿ ಮಾಡಲಾರ. ಸೂಜಿ ಹಿಡಿದು ನೋಡದವರಿಗೆ ಕಸೂತಿ ಅಗ್ಗವಾಗಿ ಕಾಣುತ್ತದೆ. ಹಿಡಿದು ನೋಡಿದವರಿಗೆ ಅದರ ಬೆಲೆ ಕಡಿಮೆಯೆನಿಸುತ್ತದೆ. ಈ ನ್ಯಾಯಬುದ್ಧಿಯನ್ನು ಒಂದು ತಲೆಮಾರಿನಲ್ಲಿ ಮೂಡಿಸಿದರೂ ಸಾಕು, ಆಟದ ಬೊಂಬೆಯು ಕಸೂತಿಗೆ ದೊಡ್ಡ ಉಪಕಾರ ಮಾಡಿದಂತಾಗುತ್ತದೆ.

ಅನುಕರಣೆಯಲ್ಲಿಯೇ ನಿಂತುಬಿಡುವುದೂ ಸರಿಯಲ್ಲ. ಪರರು ಬಿಡಿಸಿದ ಬೊಂಬೆಯನ್ನು ಹೊಲಿಯುವುದು ಅಕ್ಷರ ತಿದ್ದಿದಂತೆ. ತಿದ್ದಿ ಕಲಿತವನು ಸ್ವಂತ ವಾಕ್ಯ ಬರೆಯಬೇಕು. ಚೌಕಳಿ ಹಾಳೆಯೂ ಪೆನ್ಸಿಲೂ ಎಲ್ಲ ವಿದ್ಯಾರ್ಥಿಗಳ ಚೀಲದಲ್ಲಿವೆ. 16 ಚೌಕಗಳ ಅಂಗಳದಲ್ಲಿ ಸುಕ್ಕುಗಟ್ಟಿದ ಬ್ಯಾಡಗಿ ಮೆಣಸಿನಕಾಯಿ ಹೇಗೆ ಕಂಡೀತು? 1974ರಿಂದ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ರಕ್ಷಣೆ ಪಡೆದಿರುವ ಕೃಷ್ಣಮೃಗದ ತಿರುಚಿದ ಕೊಂಬನ್ನು ಎಷ್ಟು ಚೌಕಗಳಲ್ಲಿ ತೋರಿಸಬಹುದು? ಊರ ಜಾತ್ರೆಯ ತೇರು, ಹೊಲದ ಹತ್ತಿಯ ಕಾಯಿ, ಚೌಡಯ್ಯದಾನಪುರದ ಶಿಖರ, ಇವೆಲ್ಲ ಮೊದಲು ಹಾಳೆಯ ಮೇಲೆ ಇಳಿಯಲಿ; ಅಲ್ಲಿಂದ ಬಟ್ಟೆಗೆ ಹೋಗಲಿ. ಗಣಕಯಂತ್ರವನ್ನು ಬಲ್ಲವರು ಅದೇ ಹಾಳೆಯಿಂದ ಅವುಗಳನ್ನು ಪರದೆಗೂ ಏರಿಸಲಿ. ಪರದೆಯಿಂದ ಬಟ್ಟೆಗೆ ಬರುವ ದಾರಿ ತೆರೆದಿದ್ದರೆ ಬಟ್ಟೆಯಿಂದ ಪರದೆಗೆ ಹೋಗುವ ದಾರಿಯೂ ತೆರೆದಂತೆಯೇ ಸರಿ. ಕಸೂತಿಯ ಆನೆಯೊಂದು ಮುಂದೆ ಯಾವುದೋ ಆಟದಲ್ಲಿ ಅಂಬಾರಿ ಹೊತ್ತು ನಡೆದರೆ ಅದನ್ನು ಕಂಡು ಹಿಗ್ಗದ ಕನ್ನಡಿಗರು ಯಾರು?

ಹಳೆಯದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಅದು ಉಳಿಯುತ್ತದೆಂಬುದು ಭ್ರಮೆ. ಪೆಟ್ಟಿಗೆಯಲ್ಲಿಟ್ಟ ಸೀರೆಯನ್ನು ನುಸಿ ತಿನ್ನುತ್ತದೆ. ಕೈಯಲ್ಲಿ ಉಳಿದ ವಿದ್ಯೆಗೆ ಆ ಭಯವಿಲ್ಲ. ಆದುದರಿಂದ ಗುತ್ತಲದ ಆ ಪಡಸಾಲೆಯಲ್ಲಿ ಮುಂದೆ ನಡೆಯಬೇಕಾದುದು ಇಷ್ಟೇ. ಮೊಮ್ಮಗನು ಮೊಬೈಲನ್ನು ಬದಿಗಿಟ್ಟು, ಅದರ ಬೊಂಬೆಯ ಚೌಕಗಳನ್ನು ಹಾಳೆಯ ಮೇಲೆ ಎಣಿಸಿ ಬರೆದುಕೊಳ್ಳಬೇಕು. ಅಜ್ಜಿ ಅವನ ಕೈಗೆ ನೂಲು ಪೋಣಿಸಿದ ಸೂಜಿಯನ್ನು ಕೊಟ್ಟು ಮೊದಲ ಮೆಂತೆಯನ್ನು ಹಾಕಿಸಬೇಕು. ಆ ಬೊಂಬೆ ಮುಗಿದ ದಿನ ಅವಳು ತನ್ನ ಹಳೆಯ ಕುಪ್ಪಸವನ್ನು ಅವನ ಮುಂದೆ ಹರಡಿ, "ಇನ್ನ ಈ ಗೋಪುರದ ಮನಿ ಎಣಿಸು ನೋಡೂಣು" ಎನ್ನಬೇಕು. ಅವನು ಎಣಿಸತೊಡಗಿದನೆಂದರೆ ಅವಳ ಕೈಯ ಲೆಕ್ಕವು ಇನ್ನೊಂದು ಕೈಗೆ ದಾಟಿತೆಂದೇ ಅರ್ಥ.